ಬಿಸಿಲಲ್ಲಿ ಧ್ಯಾನ ಆಗದಿದ್ದರೆ ಅರವಟ್ಟಿಗೆ ಇಡಿ

ಕಲಬುರಗಿಯ ಬಿಸಿಲಲ್ಲಿ ಧ್ಯಾನಕ್ಕೆ ಕೂತರೆ ಬರೀ ಸಿಡಿಮಿಡಿ ಆಗುತ್ತದೆ, ಏನು ಮಾಡಲಿ ಅಂತ ಕೇಳಿದ್ದೀರಿ. 40 ಡಿಗ್ರಿ ದಾಟಿದ ಮಧ್ಯಾಹ್ನ ಕೂರಲೇಬೇಡಿ. ಬೆಳಗಿನ ಜಾವ ಮಾಳಿಗೆ ಮೇಲೆ ಕೂತು ನೋಡಿ.

ಜೊತೆಗೆ ಮನೆ ಮುಂದೆ ಒಂದು ಅರವಟ್ಟಿಗೆ ಇಡಿ. ಮಣ್ಣಿನ ಗಡಿಗೆಗೆ ಒದ್ದೆ ಗೋಣಿಚೀಲ ಸುತ್ತಿ, ಗಾಳಿಯಾಡುವ ನೆರಳಲ್ಲಿಡಿ. ಗಡಿಗೆಯ ಮೈಯಿಂದ ಜಿನುಗಿದ ನೀರು ಆರುತ್ತಾ ಒಳಗಿನದು ತಣ್ಣಗಾಗುತ್ತದೆ. ರಾಮನವಮಿಗೆ, ಬಸವ ಜಯಂತಿಗೆ ಬೆಲ್ಲ, ಏಲಕ್ಕಿ, ಶುಂಠಿ ಹಾಕಿ ಪಾನಕ ಮಾಡಿ. ನೀವೇ ನಿಂತು ಕೊಡಬೇಕು, ಸುಮ್ನೆ ಇಟ್ಟು ಒಳಗೆ ಹೋಗಬೇಡಿ. ತಳ್ಳುಗಾಡಿಯವರು ಒಂದೇ ಉಸಿರಿಗೆ ಲೋಟ ಖಾಲಿ ಮಾಡಿ ‘ತಂಪಾತ್ರಿ’ ಅಂತಾರಲ್ಲ, ಅಷ್ಟು ಖುಷಿ ನನಗಂತೂ ಜಪದಲ್ಲೂ ಸಿಕ್ಕಿಲ್ಲ. ಓಣಿಯ ಹುಡುಗರನ್ನೂ ಸೇರಿಸಿಕೊಳ್ಳಿ. ಗಡಿಗೆ ಮಾತ್ರ ದಿನಾ ತೊಳೆಯಿರಿ.