ಒಳ್ಳೆಯ ಕೊಲೆಸ್ಟ್ರಾಲ್ ನಿಜಕ್ಕೂ ಹೃದಯ ಕಾಯುತ್ತಾ?

ಪ್ರಶ್ನೆ: ನನ್ನ ಎಚ್‌ಡಿಎಲ್, ಅಂದರೆ ‘ಒಳ್ಳೆಯ ಕೊಲೆಸ್ಟ್ರಾಲ್’, ಜಾಸ್ತಿಯೇ ಇದೆ. ಹೃದಯಾಘಾತದ ಭಯವಿಲ್ಲ ಅಂದುಕೊಂಡಿದ್ದೆ. ಈಗ ನೋಡಿದರೆ ಅದು ಹೃದಯ ಕಾಯುವುದೇ ಅನುಮಾನ ಅಂತ ಜೀನ್ ಅಧ್ಯಯನಗಳು ಹೇಳುತ್ತವಂತೆ. ಜೀನ್ ನೋಡಿ ಇದನ್ನೆಲ್ಲ ಹೇಗೆ ಕಂಡುಹಿಡಿಯುತ್ತಾರೆ?

ಉತ್ತರ: ಎಚ್‌ಡಿಎಲ್ ಜಾಸ್ತಿ ಇದ್ದವರಲ್ಲಿ ಹೃದಯಾಘಾತ ಕಡಿಮೆ, ಅದು ನಿಜವೇ. ಆದರೆ ಅಂಥವರು ಸಾಮಾನ್ಯವಾಗಿ ವ್ಯಾಯಾಮ ಮಾಡುತ್ತಾರೆ, ಬೊಜ್ಜು ಕಡಿಮೆ, ಸಿಗರೇಟೂ ಕಡಿಮೆ. ಹಾಗಾದರೆ ಕಾಪಾಡಿದ್ದು ಎಚ್‌ಡಿಎಲ್ಲೋ, ವ್ಯಾಯಾಮವೋ? ರಕ್ತಪರೀಕ್ಷೆಯ ವರದಿ ಹೇಳುವುದಿಲ್ಲ.

ಜೀನ್ ಕೆಲಸಕ್ಕೆ ಬರುವುದು ಇಲ್ಲೇ. ಒಂದು ಜೀನ್‌ನ ಅಪ್ಪನ ಎರಡು ಪ್ರತಿಗಳಲ್ಲಿ ಯಾವುದು, ಅಮ್ಮನ ಎರಡರಲ್ಲಿ ಯಾವುದು ಮಗುವಿಗೆ ಬರುತ್ತದೆ ಅನ್ನುವುದು ಚೀಟಿ ಎತ್ತಿದ ಹಾಗೆ, ಮತ್ತು ಆ ಚೀಟಿ ಹುಟ್ಟುವ ಮೊದಲೇ ಎತ್ತಿ ಆಗಿರುತ್ತದೆ, ಆಮೇಲೆ ಸಿಗರೇಟು ಸೇದಿದರೂ ಕಾಯಿಲೆ ಬಂದರೂ ಅದು ಬದಲಾಗುವುದಿಲ್ಲ. ಹಾಗಾಗಿ ಎಚ್‌ಡಿಎಲ್ ಏರಿಸುವ ಜೀನ್ ಪಡೆದವರನ್ನೂ ಪಡೆಯದವರನ್ನೂ ಹೋಲಿಸಿದರೆ ಉಳಿದ ಅಭ್ಯಾಸಗಳೆಲ್ಲ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಇದಕ್ಕೆ ಮೆಂಡೆಲಿಯನ್ ರ‍್ಯಾಂಡಮೈಸೇಶನ್ ಅಂತ ಹೆಸರು. 1986ರಲ್ಲಿ ಮಾರ್ಟೈನ್ ಕಟಾನ್ ಅನ್ನುವವರು ಒಂದು ಪುಟ್ಟ ಪತ್ರದಲ್ಲಿ ಈ ಯೋಚನೆ ಮುಂದಿಟ್ಟಿದ್ದರು.

2012ರಲ್ಲಿ ಹೀಗೇ ಲೆಕ್ಕ ಹಾಕಿದರು. ಎಲ್‌ಐಪಿಜಿ ಜೀನ್‌ನ ಒಂದು ಬದಲಾವಣೆ ಇರುವವರಿಗೆ ಹುಟ್ಟಿನಿಂದಲೇ ಎಚ್‌ಡಿಎಲ್ ಜಾಸ್ತಿ. ಎಚ್‌ಡಿಎಲ್ಲೇ ಹೃದಯ ಕಾಯುವುದಾದರೆ ಇವರಲ್ಲಿ ಹೃದಯಾಘಾತ ಸುಮಾರು 13% ಕಡಿಮೆ ಇರಬೇಕಿತ್ತು. ಇರಲಿಲ್ಲ! ಅದಕ್ಕೂ ಮೊದಲು, 2006ರಲ್ಲಿ, ಎಚ್‌ಡಿಎಲ್ ಏರಿಸುವ ಟಾರ್ಸೆಟ್ರಾಪಿಬ್ ಮಾತ್ರೆಯ ಪ್ರಯೋಗ ನಿಲ್ಲಿಸಬೇಕಾಯಿತು, ಯಾಕಂದರೆ ಎಚ್‌ಡಿಎಲ್ ಏನೋ ಏರಿತು, ಸಾವೂ ಏರಿತು. ಎಲ್‌ಡಿಎಲ್, ಅಂದರೆ ‘ಕೆಟ್ಟ ಕೊಲೆಸ್ಟ್ರಾಲ್’, ಅದರ ಕಥೆಯೇ ಬೇರೆ: ಪಿಸಿಎಸ್‌ಕೆ9 ಜೀನ್ ಕೆಟ್ಟಿದ್ದವರಿಗೆ ಎಲ್‌ಡಿಎಲ್ಲೂ ಕಡಿಮೆ, ಹೃದ್ರೋಗವೂ ಕಡಿಮೆ. ಅದೇ ಜಾಡು ಹಿಡಿದು ಬಂದ ಔಷಧಗಳು ಇವತ್ತು ಬಳಕೆಯಲ್ಲಿವೆ.

ಇದರಲ್ಲೂ ತೊಡಕಿದೆ. ಒಂದೇ ಜೀನ್ ಎರಡು ಮೂರು ಕೆಲಸ ಮಾಡುತ್ತಿದ್ದರೆ ಲೆಕ್ಕ ತಪ್ಪುತ್ತದೆ. ಅಲ್ಲದೆ ಜೀನ್‌ನ ಪರಿಣಾಮ ಜೀವಮಾನವಿಡೀ ಇರುತ್ತದೆ, ಐವತ್ತು ದಾಟಿದ ಮೇಲೆ ಶುರು ಮಾಡಿದ ಮಾತ್ರೆಯಿಂದ ಅಷ್ಟೇ ಲಾಭ ಬಯಸಿದರೆ ಹೇಗೆ, ಅಲ್ವಾ? ‘ಜೀನ್ ಅಧ್ಯಯನದಿಂದ ಸಾಬೀತು’ ಅನ್ನುವ ಸುದ್ದಿಯನ್ನು ಸುಮ್ನೆ ನಂಬಬೇಡಿ.

ಪ್ರಶ್ನೆ: ಹಾಗಾದರೆ ನಾನೂ ಜೀನ್ ಪರೀಕ್ಷೆ ಮಾಡಿಸಲೇ?

ಉತ್ತರ: ಇದಕ್ಕಾಗಿ ಬೇಡ. ಒಂದೊಂದು ಜೀನ್‌ನ ಪ್ರಭಾವ ಸಾಮಾನ್ಯವಾಗಿ ಎಷ್ಟು ಚಿಕ್ಕದೆಂದರೆ ಸಾವಿರಾರು, ಕೆಲವೊಮ್ಮೆ ಲಕ್ಷಾಂತರ ಜನರನ್ನು ಒಟ್ಟಿಗೆ ನೋಡಿದರೆ ಮಾತ್ರ ಕಾಣುತ್ತದೆ. ನಿಮ್ಮ ಎಲ್‌ಡಿಎಲ್ ಮತ್ತು ಬಿಪಿ ಎಷ್ಟಿದೆ, ಅದನ್ನು ಡಾಕ್ಟರ ಹತ್ತಿರ ಕೇಳಿ.