3 ಲಕ್ಷ ಕಿಲೋಮೀಟರ್ ಓಡಿದ ಪಿಕಪ್ ತಗೊಳ್ಳಬಹುದಾ? ನಾನು 4 ಲಕ್ಷ ದಾಟಿಸಿದ್ದು ಹೀಗೆ

ನೀವು ಕೇಳಿದ್ದು ಇಷ್ಟು: 2013ರ ಬೊಲೆರೊ ಪಿಕಪ್ ಒಂದು ಸಿಕ್ಕಿದೆ, ಮೀಟರ್‌ನಲ್ಲಿ 2 ಲಕ್ಷದ 90 ಸಾವಿರ ತೋರಿಸುತ್ತಿದೆ. ತಗೊಂಡರೆ ಇನ್ನೂ ನಾಲ್ಕೈದು ವರ್ಷ ಓಡಿಸಬಹುದಾ, ಏನೇನು ಮಾಡಿಸಬೇಕು, ಏನೇನು ಅಪ್‌ಗ್ರೇಡ್ ಮಾಡಬಹುದು, ಇಲ್ಲಾ ಸಾಲ ಮಾಡಿ ಹೊಸದನ್ನೇ ತಗೊಳ್ಳಲಾ ಅಂತ.

ನನ್ನದು 2012ರ ಗಾಡಿ. ತೀರ್ಥಹಳ್ಳಿ ಹತ್ತಿರದ ಹಳ್ಳಿ ನಮ್ಮದು. 2017ರಲ್ಲಿ ಕೋಲಾರದ ಕಡೆ ಟೊಮೆಟೊ ಲೋಡ್ ಹೊಡೆಯುತ್ತಿದ್ದವರಿಂದ ತಗೊಂಡೆ. ಆಗ ಮೀಟರ್ 1 ಲಕ್ಷದ 78 ಸಾವಿರ, ಈಗ 4 ಲಕ್ಷದ 6 ಸಾವಿರ. ಅಡಿಕೆ, ಶುಂಠಿ, ಗೊಬ್ಬರ, ಜಂಬಿಟ್ಟಿಗೆ, ಮದುವೆ ಮನೆಯ ಪಾತ್ರೆ, ಏನು ಬಂದರೂ ಹೇರಿದ್ದೇನೆ. ಹಾಗಾಗಿ ಓಡಿಸಬಹುದಾ ಅಂದರೆ ಓಡಿಸಬಹುದು. ಆದರೆ ನೀವು ಮೀಟರ್ ನೋಡಿ ಲೆಕ್ಕ ಹಾಕುತ್ತಿದ್ದೀರಿ, ಅದು ಬೇಡ. ಮೀಟರ್ ತಿರುಗಿಸೋದು ಯಾರಿಗೂ ದೊಡ್ಡ ವಿದ್ಯೆಯಲ್ಲ. ಕ್ಲಚ್ ಪೆಡಲಿನ ರಬ್ಬರ್ ಸವೆದು ಕಬ್ಬಿಣ ಹೊಳೀತಾ ಇದ್ದು ಮೀಟರ್ ಮಾತ್ರ 90 ಸಾವಿರ ಅಂದರೆ ಯಾವುದನ್ನು ನಂಬುತ್ತೀರಿ?

ನೋಡಬೇಕಾದ್ದು ಚಾಸಿ, ಅಂದರೆ ಇಡೀ ಗಾಡಿ ಕೂರುವ ಕಬ್ಬಿಣದ ಚೌಕಟ್ಟು. ಇಂಜಿನ್ ಬೋರಿಗೆ ಬಂದರೆ, ಅಂದರೆ ಒಳಗಿನ ಸಿಲಿಂಡರ್ ಸವೆದರೆ, ಬೋರ್ ಮಾಡಿಸಬಹುದು, ಗೇರ್‌ಬಾಕ್ಸ್ ಹೋದರೆ ಇನ್ನೊಂದು ತಂದು ಕೂರಿಸಬಹುದು. ಚಾಸಿ ತಿಂದು ಹೋಗಿದ್ದರೆ ಯಾವ ಮೇಸ್ತ್ರಿಯೂ ಏನೂ ಮಾಡೋಕಾಗಲ್ಲ. ಒಂದು ಸಣ್ಣ ಸುತ್ತಿಗೆ ಜೇಬಿನಲ್ಲಿ ಇಟ್ಟುಕೊಂಡು ಹೋಗಿ. ಗಾಡಿ ಕೆಳಗೆ ಮಲಗಿ, ಉದ್ದಕ್ಕೂ ಬಡಿಯುತ್ತಾ ಬನ್ನಿ. ಗಟ್ಟಿ ಇದ್ದಲ್ಲಿ ಟಣ್ ಅನ್ನುತ್ತದೆ, ತುಕ್ಕು ತಿಂದಲ್ಲಿ ದಬ್ ಅಂದು ಪುಡಿ ಉದುರುತ್ತದೆ. ಹೊಸದಾಗಿ ಕಪ್ಪು ಪೇಂಟ್ ಹೊಡೆದಿದ್ದರೆ ಇನ್ನೂ ಜಾಸ್ತಿ ಬಡಿಯಿರಿ. ಗೊಬ್ಬರ ಅಥವಾ ಉಪ್ಪಿನ ಮೀನು ಹೇರುತ್ತಿದ್ದ ಗಾಡಿಯಾದರೆ ಬಾಡಿಯ ಅಡಿಭಾಗ, ಚಾಸಿಯ ಮೂಲೆಮೂಲೆ ಎಲ್ಲ ಬಿಡದೆ ನೋಡಿ. ಯೂರಿಯಾದ ನೀರು ಕಬ್ಬಿಣವನ್ನು ಹೇಗೆ ತಿನ್ನುತ್ತದೆ ಅನ್ನೋದು ಗೊಬ್ಬರದಂಗಡಿಯ ಹಳೇ ತಕ್ಕಡಿ ನೋಡಿದವರಿಗೆ ಗೊತ್ತು.

ಹಿಂದಿನ ಬ್ಲೇಡ್ ಸೆಟ್ (ಭಾರ ಹೊರುವ ಸ್ಪ್ರಿಂಗ್ ಪಟ್ಟಿಗಳು) ಚಾಸಿಗೆ ಕೂರುವ ಜಾಗವನ್ನು ಟಾರ್ಚ್ ಹಾಕಿ ನೋಡಿ. ನನ್ನ ಗಾಡಿಯಲ್ಲಿ ಅಲ್ಲೊಂದು ಕಂದು ಗೆರೆ ಇತ್ತು, ಕೂದಲಿನಷ್ಟು ಸಣ್ಣದು. ಕೆಸರಿನ ಕಲೆ ಅಂದುಕೊಂಡು ಒರೆಸಿದೆ, ಹೋಗಲಿಲ್ಲ. ಬಿರುಕು. ಹಿಂದಿನವರು ಲೋಡ್ ಜಾಸ್ತಿ ಹಾಕೋಕೆ ಅಂತ ಎರಡೂ ಕಡೆ ಒಂದೊಂದು ಬ್ಲೇಡ್ ಸೇರಿಸಿದ್ದರು. ಬ್ಲೇಡ್ ಸೇರಿಸಿದರೆ ಗಾಡಿ ಕುಗ್ಗಲ್ಲ, ನಿಜ. ಆದರೆ ಹೊಂಡಕ್ಕೆ ಬಿದ್ದಾಗ ಬ್ಲೇಡ್ ಬಗ್ಗಿ ತಿನ್ನಬೇಕಾದ ಏಟನ್ನು ಆಮೇಲೆ ಚಾಸಿ ತಿನ್ನುತ್ತದೆ. ನಮ್ಮೂರಿನ ವೆಲ್ಡಿಂಗ್‌ನವನು ಬುದ್ಧಿವಂತ. ಮೊದಲು ಬ್ಯಾಟರಿ ಟರ್ಮಿನಲ್ ಬಿಚ್ಚಿಸಿದ. ಬಿರುಕಿನ ತುದಿಗೆ ಸಣ್ಣ ತೂತು ಕೊರೆದ, ಅಲ್ಲಿಂದ ಮುಂದಕ್ಕೆ ಅದು ಹರಿಯದಿರಲಿ ಅಂತ. ಬಿರುಕನ್ನು ಗ್ರೈಂಡರ್‌ನಲ್ಲಿ ಅಗಲ ಮಾಡಿ ತುಂಬಿಸಿ, ಮೇಲೆ ಶಂಕರಪೋಳಿ ಆಕಾರದ ಒಂದು ಪ್ಲೇಟ್ ಇಟ್ಟು ಬೆಸೆದ. ಚೌಕ ಪ್ಲೇಟ್ ಯಾಕೆ ಇಡಲಿಲ್ಲ ಅಂದೆ. ‘ಚೌಕ ಇಟ್ರೆ ಅದರ ಅಂಚಿಗೇ ನೆಟ್ಟಗೆ ಮತ್ತೆ ಕಟ್ ಆಗುತ್ತೆ ಅಣ್ಣ’ ಅಂದ. ಎಕ್ಸ್‌ಟ್ರಾ ಬ್ಲೇಡ್‌ಗಳನ್ನು ಅವತ್ತೇ ತೆಗೆಸಿದೆ. ಲೋಡ್ ಕಮ್ಮಿ ಮಾಡಿದೆ. ಏಳು ವರ್ಷದ ಮೇಲಾಯಿತು, ಆ ಜಾಗ ಹಾಗೇ ಇದೆ. ಇಂಥ ಬಿರುಕು ಒಂದಿದ್ದರೆ ಬೆಲೆ ಇಳಿಸಿ ಕೇಳಿ. ಎರಡು ಮೂರು ಕಡೆ ಇದ್ದರೆ ಕೈಮುಗಿದು ಬನ್ನಿ.

ಚಾಸಿ ಆದ ಮೇಲೆ ನೀರು. ಹಳೇ ಡೀಸೆಲ್ ಗಾಡಿಯನ್ನು ಕೊಲ್ಲೋದು ಕಿಲೋಮೀಟರ್ ಅಲ್ಲ, ಬಿಸಿ. ಇದನ್ನು ನಾನು ಆಗುಂಬೆ ಘಾಟಿಯಲ್ಲಿ ಕಲಿತೆ.

ಗಾಡಿ ತಂದು ನಾಲ್ಕು ತಿಂಗಳಾಗಿತ್ತು. ಹೆಬ್ರಿ ಹತ್ತಿರ ಒಂದು ಹಳೇ ಮನೆ ಕೆಡವಿದ್ದರು, ಅದರ ಹಂಚು ತುಂಬಿಕೊಂಡು ಬರುತ್ತಿದ್ದೆ. ಸೋಮೇಶ್ವರದಿಂದ ಹತ್ತೋಕೆ ಶುರು ಮಾಡಿದರೆ ಒಂದಾದ ಮೇಲೊಂದು 14 ತಿರುವು, ಎಲ್ಲ ಫಸ್ಟ್, ಸೆಕೆಂಡ್ ಗೇರಿನದೇ ಕೆಲಸ. ಐದನೇ ತಿರುವಿನಲ್ಲಿ ಟೆಂಪರೇಚರ್ ಮುಳ್ಳು ಮಧ್ಯಕ್ಕಿಂತ ಮೇಲೆ ಹೋಯಿತು. ಇನ್ನೊಂದೆರಡು ತಿರುವು ತಾನೇ ಅಂದುಕೊಂಡೆ. ಅದೇ ತಪ್ಪು. ಎಂಟನೆಯದರಲ್ಲಿ ಮುಳ್ಳು ಕೆಂಪಿಗೆ ತಾಗಿತು, ಬಾನೆಟ್ ಸಂದಿಯಿಂದ ಇಡ್ಲಿ ಪಾತ್ರೆ ತೆಗೆದ ಹಾಗೆ ಆವಿ. ಮುಚ್ಚಳ ತೆಗೆಯುವ ಹುಚ್ಚು ಕೆಲಸ ಮಾತ್ರ ಮಾಡಲಿಲ್ಲ. ಬಿಸಿಯಲ್ಲಿ ರೇಡಿಯೇಟರ್ ಮುಚ್ಚಳ ತೆಗೆದು ಮುಖ ಸುಟ್ಟುಕೊಂಡವರನ್ನು ನೋಡಿದ್ದೇನೆ. ಚಕ್ರಕ್ಕೆ ಕಲ್ಲು ಕೊಟ್ಟು ಒಂದೂವರೆ ಗಂಟೆ ಕೂತೆ. ಮಂಗಗಳು ಬಂದು ಸೀಟಿನ ಮೇಲಿದ್ದ ಬಾಳೆಹಣ್ಣು ತಗೊಂಡು ಹೋದವು.

ಹೆಡ್ ಗ್ಯಾಸ್ಕೆಟ್ (ಇಂಜಿನ್ ಮತ್ತು ಅದರ ಮೇಲಿನ ಹೆಡ್ ಮಧ್ಯದ ಸೀಲ್) ಹೋಗಿತ್ತು. ಬಿಚ್ಚಿದಾಗ ಕಾರಣವೂ ಗೊತ್ತಾಯಿತು. ರೇಡಿಯೇಟರ್ ಕೆಲಸದವನು ಮೇಲಿನ ಟ್ಯಾಂಕ್ ತೆಗೆದು ತೋರಿಸಿದ. ಕೊಳವೆಗಳ ಬಾಯಿ ತುಂಬಾ ಬಿಳೀ ಗಟ್ಟಿ, ಹಳೇ ಗೀಸರ್ ಒಳಗೆ ಇರುತ್ತದಲ್ವಾ, ಹಾಗೆ. ವರ್ಷಗಟ್ಟಲೆ ಬಯಲುಸೀಮೆಯ ಬೋರ್‌ವೆಲ್ ನೀರನ್ನೇ ಹಾಕಿ ಓಡಿಸಿದ್ದರು. ಅರ್ಧಕ್ಕರ್ಧ ಕೊಳವೆ ಕಟ್ಟಿಕೊಂಡಿತ್ತು. ಬಯಲಿನಲ್ಲಿ ಗಾಳಿಗೆ ಹೇಗೋ ನಡೆಯುತ್ತದೆ, ಘಾಟಿಯಲ್ಲಿ ನಡೆಯಲ್ಲ. ಸಾಲದ್ದಕ್ಕೆ ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾಗೋವರೆಗೂ ರೇಡಿಯೇಟರ್‌ಗೆ ನೀರು ಬಿಡದ ವಾಲ್ವ್) ಜಾಗ ಖಾಲಿ! ಬಿಸಿ ಆಗುತ್ತೆ ಅಂದರೆ ಸಾಕು, ಕೆಲವು ಮೇಸ್ತ್ರಿಗಳು ಅದನ್ನೇ ಕಿತ್ತು ಬಿಸಾಕುತ್ತಾರೆ. ಅದಿಲ್ಲದಿದ್ದರೆ ಇಂಜಿನ್ ಸರಿಯಾದ ಬಿಸಿಗೆ ಬರೋಕೆ ತುಂಬಾ ಹೊತ್ತು ಬೇಕು. ತಣ್ಣಗೆ ಓಡಿದಷ್ಟೂ ಬೋರ್ ಸವೆಯುತ್ತದೆ, ಡೀಸೆಲ್ಲೂ ಜಾಸ್ತಿ. ನಿಜವಾದ ಕಾಯಿಲೆ ಮಾತ್ರ ಹಾಗೇ ಉಳಿಯುತ್ತದೆ.

ಹೆಡ್ ಫೇಸಿಂಗ್ (ಹೆಡ್ ಮಟ್ಟ ಮಾಡಿಸೋದು), ಗ್ಯಾಸ್ಕೆಟ್, ರೇಡಿಯೇಟರ್‌ಗೆ ಹೊಸ ಕೋರ್, ವಾಟರ್ ಪಂಪ್, ಥರ್ಮೋಸ್ಟಾಟ್, ಎಲ್ಲ ಹೋಸ್, ಫ್ಯಾನ್ ಬೆಲ್ಟ್. ಎಲ್ಲ ಸೇರಿ 20 ಸಾವಿರದ ಮೇಲೆ ಹೋಯಿತು. ಮೊದಲೇ ರೇಡಿಯೇಟರ್ ಒಂದನ್ನು ನೋಡಿಸಿದ್ದರೆ ಅದರ ಕಾಲುಭಾಗದಲ್ಲಿ ಮುಗಿಯುತ್ತಿತ್ತು. ಆಮೇಲಿಂದ ಕೂಲೆಂಟ್ ಬಿಟ್ಟು ಬರೀ ನೀರು ಹಾಕಿಲ್ಲ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಾಯಿಸುತ್ತೇನೆ. ನೀವು ಗಾಡಿ ತಂದರೆ ಮೊದಲ ವಾರ ಈ ಕೆಲಸ ಮಾಡಿಸಿ, ಸೀಟ್ ಕವರ್ ಆಮೇಲೆ.

ಬ್ರೇಕ್ ಬಗ್ಗೆ ಜಾಸ್ತಿ ಹೇಳಲ್ಲ. ನಾಲ್ಕೂ ಚಕ್ರ ಬಿಚ್ಚಿಸಿ, ಲೈನರ್, ಪ್ಯಾಡ್, ವೀಲ್ ಸಿಲಿಂಡರ್ ನೋಡಿಸಿ, ಬ್ರೇಕ್ ಆಯಿಲ್ ಹೊಸದು ಹಾಕಿಸಿ. ಇಳಿಜಾರಿನಲ್ಲಿ ಹತ್ತಿದ ಗೇರಿನಲ್ಲೇ ಇಳಿಸಿ. ಅಷ್ಟೇ.

ಕ್ಲಚ್ ವಿಷಯದಲ್ಲಿ ನಾನೊಂದು ಪಾಠ ಕಲಿತೆ. ಕ್ಲಚ್ ಬದಲಾಯಿಸೋಕೆ ಗೇರ್‌ಬಾಕ್ಸ್ ಇಳಿಸಬೇಕು, ಆ ಕೂಲಿಯೇ ಜಾಸ್ತಿ. ಸುಮ್ನೆ ಪ್ಲೇಟ್ ಒಂದೇ ಹಾಕಿಸಿ ದುಡ್ಡು ಉಳಿಸಿದೆ ಅಂದುಕೊಂಡೆ. ಮೂರೇ ತಿಂಗಳಿಗೆ ಬೇರಿಂಗ್ ಕಿರ್ ಅಂತ ಕೂಗೋಕೆ ಶುರು. ಮತ್ತೆ ಇಳಿಸಿದೆವು. ಒಂದು ಸಲ ಇಳಿಸಿದ ಮೇಲೆ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರೂ ಹಾಕಿಸಿ. ಫ್ಲೈವೀಲ್ ಗೆರೆ ಬಿದ್ದಿದ್ದರೆ ಲೇತ್‌ಗೆ ಕೊಡಿ. ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್ ಕೂಡ ಆಗಲೇ ಬದಲಾಯಿಸಿ. ಸೀಲ್‌ನ ಬೆಲೆ ಏನೂ ಅಲ್ಲ, ಅದು ಸೋರಿದರೆ ಹೊಸ ಪ್ಲೇಟ್ ಎಣ್ಣೆ ಕುಡಿದು ಮತ್ತೆ ಅದೇ ಕಥೆ.

ಗೇರಿಂದ ಗೇರಿಗೆ ಹೋಗುವಾಗ, ಇಲ್ಲಾ ರಿವರ್ಸ್ ಹಾಕಿದಾಗ ಕೆಳಗೆ ‘ಟಕ್’ ಅಂದರೆ, ಗೇರ್‌ಬಾಕ್ಸಿಂದ ಹಿಂದಿನ ಚಕ್ರಕ್ಕೆ ಹೋಗುವ ಶಾಫ್ಟಿನ ಜಾಯಿಂಟಿನ ಕ್ರಾಸ್ ಸವೆದಿದೆ ಅಂತ. ಗ್ರೀಸ್ ಹೊಡೆಸದೆ ಬಿಟ್ಟಿದ್ದಕ್ಕೆ ಆಗೋದು ಇದು. ಮಳೆಗಾಲದಲ್ಲಿ ನಾನು ತಿಂಗಳಿಗೊಮ್ಮೆ ಎಲ್ಲ ನಿಪ್ಪಲ್‌ಗೂ ಗ್ರೀಸ್ ಹೊಡೆಸುತ್ತೇನೆ, ಹಳೇ ಗ್ರೀಸ್ ಹೊರಗೆ ಬರೋವರೆಗೂ.

ಇಂಜಿನ್ ಆಯಿಲ್ ನಾನು 8 ಸಾವಿರ ಕಿಲೋಮೀಟರಿಗೇ ಬದಲಾಯಿಸುತ್ತೇನೆ. 3 ಲಕ್ಷದ 20 ಸಾವಿರದಲ್ಲಿ ಪೂರ್ತಿ ಇಂಜಿನ್ ಕೆಲಸ ಮಾಡಿಸಿದೆ, ಹೊಗೆ ನೀಲಿಗೆ ತಿರುಗಿತ್ತು, ಒಂದು ಟ್ರಿಪ್ಪಿಗೆ ಅರ್ಧ ಲೀಟರ್ ಆಯಿಲ್ ಕುಡಿಯುತ್ತಿತ್ತು. ಕಪ್ಪು ಹೊಗೆ ಬಂದರೆ ಮಾತ್ರ ತಕ್ಷಣ ಇಂಜಿನ್ ಬಿಚ್ಚಿಸಬೇಡಿ. ಏರ್ ಫಿಲ್ಟರ್ ಕಟ್ಟಿಕೊಂಡಿರಬಹುದು, ನಾಝಲ್ ಡೀಸೆಲ್ ಸರಿಯಾಗಿ ಚಿಮ್ಮದೆ ಇರಬಹುದು. ನನ್ನದು ಬಿಎಸ್ 3 (ಹೊಗೆ ನಿಯಮದ ಹಳೇ ಹಂತ) ಗಾಡಿ, ಡೀಸೆಲ್ ಪಂಪ್ ಮೆಕ್ಯಾನಿಕಲ್. ಅದಕ್ಕೇ ನನಗೆ ಇಷ್ಟ. ಲ್ಯಾಪ್‌ಟಾಪ್ ಹಚ್ಚೋ ಕೆಲಸ ಇಲ್ಲ, ತಾಲ್ಲೂಕು ಕೇಂದ್ರದಲ್ಲೇ ರಿಪೇರಿ ಆಗುತ್ತದೆ. ನೀವು ನೋಡಿರೋದು ಕಾಮನ್ ರೈಲ್ (ಕಂಪ್ಯೂಟರ್ ಹಿಡಿತದಲ್ಲಿ ಡೀಸೆಲ್ ಚಿಮ್ಮುವ ಇಂಜಿನ್) ಆಗಿದ್ದರೆ ಡೀಸೆಲ್ ಫಿಲ್ಟರ್ ವಿಷಯದಲ್ಲಿ ಜಿಪುಣತನ ಬೇಡ. ಆ ಇಂಜೆಕ್ಟರ್‌ಗೆ ಚೂರು ನೀರು ಹೋದರೂ ಬಿಲ್ ನೋಡಿ ನಿದ್ದೆ ಬರಲ್ಲ.

ಅಪ್‌ಗ್ರೇಡ್ ಅಂತ ಕೇಳಿದ್ದೀರಿ. ನಾನು ಹಾಕಿದ್ದರಲ್ಲಿ ನಿಜವಾಗಿ ಉಪಯೋಗಕ್ಕೆ ಬಂದಿದ್ದು ಹೆಡ್‌ಲೈಟ್‌ಗೆ ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಆನ್ ಮಾಡುವ ಸ್ವಿಚ್. ಹಳೇ ಗಾಡಿಯಲ್ಲಿ ಕರೆಂಟ್ ಸ್ವಿಚ್ಚಿಗೆ ಹೋಗಿ, ಸಣ್ಣ ವೈರಿನಲ್ಲಿ ಸುತ್ತಿ ಬಲ್ಬಿಗೆ ಬರುವಷ್ಟರಲ್ಲಿ ಸೊರಗಿರುತ್ತದೆ. ಬ್ಯಾಟರಿಯಿಂದ ನೇರವಾಗಿ ದಪ್ಪ ವೈರ್ ಎಳೆದು, ಮಧ್ಯೆ ಫ್ಯೂಸ್ ಕೊಟ್ಟು, ರಿಲೇ ಹಾಕಿಸಿದರೆ ಅದೇ ಬಲ್ಬ್ ಬೇರೆ ಥರ ಉರಿಯುತ್ತದೆ. ಜುಲೈ ತಿಂಗಳ ಮಳೆ, ಮಂಜಿನಲ್ಲಿ ಮೊದಲ ರಾತ್ರಿ ಓಡಿಸಿದಾಗ ರಸ್ತೆ ಅಂಚಿನ ಬಿಳಿ ಗೆರೆ ಕಂಡಿತು. ಆ ಗೆರೆ ಅಲ್ಲಿದೆ ಅಂತಲೇ ನನಗೆ ಗೊತ್ತಿರಲಿಲ್ಲ! ಎರಡನೆಯದು, ನೀರು ಬಿಸಿಯಾದರೆ ಕಿರುಚುವ ಒಂದು ಬಜರ್. ಆಗುಂಬೆ ಆದ ಮೇಲೆ ಹಾಕಿಸಿದ್ದು. ಮೂರನೆಯದು ಡ್ರೈವರ್ ಸೀಟಿಗೆ ಹೊಸ ಫೋಮ್, ನನ್ನ ಸೊಂಟಕ್ಕೆ.

ದೊಡ್ಡ ಟೈರ್ ಹಾಕಬೇಡಿ, ಗಾಡಿ ಎಳೆಯಲ್ಲ, ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟಿಗೆ) ಹೋದಾಗಲೂ ರಗಳೆ. ಎಫ್‌ಸಿ ಅಂದ ಕೂಡಲೇ ನೆನಪಾಯಿತು: ಎಂಟು ವರ್ಷ ದಾಟಿದ ಗಾಡಿಗೆ ಅದು ಪ್ರತಿ ವರ್ಷ. ಗಾಡಿ ಹಳೇದಾದಷ್ಟೂ ಶುಲ್ಕವೂ ಜಾಸ್ತಿ. ಬೆಲೆ ಮಾತಾಡುವಾಗ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಬಿಡಿಭಾಗಕ್ಕೆ ನಾನು ವರ್ಷಕ್ಕೊಮ್ಮೆ ಬೆಂಗಳೂರಿನ ಜೆಸಿ ರಸ್ತೆಗೆ ಹೋಗಿ ಬರುತ್ತೇನೆ, ಉಳಿದದ್ದು ಶಿವಮೊಗ್ಗದಲ್ಲೇ. ಬಾಗಿಲು, ಬಂಪರ್, ಗ್ಲಾಸ್ ಗುಜರಿಯಲ್ಲಿ ತಗೊಂಡರೆ ತಪ್ಪಿಲ್ಲ. ಬ್ರೇಕ್, ಕ್ಲಚ್, ಬೇರಿಂಗ್, ಹೋಸ್ ಮಾತ್ರ ಪೆಟ್ಟಿಗೆ ಒಡೆದು ಹೊಸದೇ ಹಾಕಿ.

ಹೊಸ ಗಾಡಿ ಸಾಲದ ಬಗ್ಗೆ ನನ್ನ ಲೆಕ್ಕ ಸುಲಭ. ತಿಂಗಳಿಗೆ ಇಪ್ಪತ್ತು ದಿನ ಲೋಡ್ ಖಾತ್ರಿ ಇದ್ದರೆ ಹೊಸದು ತಗೊಳ್ಳಿ, ಕಂತು ಅದೇ ದುಡಿಯುತ್ತದೆ. ನನ್ನ ಹಾಗೆ ಅಡಿಕೆ ಕೊಯ್ಲಿನ ಕಾಲಕ್ಕೆ ಪುರುಸೊತ್ತಿಲ್ಲ, ಜೂನ್-ಜುಲೈನಲ್ಲಿ ನೊಣ ಹೊಡೆಯೋದು ಅಂತಾದರೆ ಹಳೇದೇ ವಾಸಿ. ನಿಂತಿದ್ದಾಗ ಕಂತು ಕೇಳಲ್ಲ. ಆದರೆ ಖರೀದಿಗೆ ಇಟ್ಟ ದುಡ್ಡಿನಲ್ಲಿ ಐದನೇ ಒಂದು ಭಾಗವನ್ನಾದರೂ ಮೊದಲ ಆರು ತಿಂಗಳ ರಿಪೇರಿಗೆ ಅಂತ ಮುಟ್ಟದೆ ಎತ್ತಿಡಿ.

ಗಾಡಿ ನೋಡೋಕೆ ಬೆಳಿಗ್ಗೆ ಬೇಗ ಹೋಗಿ. ನಾವು ಬರೋವರೆಗೂ ಸ್ಟಾರ್ಟ್ ಮಾಡಬೇಡಿ ಅಂತ ಹಿಂದಿನ ದಿನವೇ ಹೇಳಿ. ತಣ್ಣಗಿರುವಾಗಲೇ ರೇಡಿಯೇಟರ್ ಮುಚ್ಚಳ ತೆಗೆದಿಟ್ಟು ಸ್ಟಾರ್ಟ್ ಮಾಡಿಸಿ. ನೀರಿನಲ್ಲಿ ಬಿಡದೆ ಗುಳ್ಳೆ ಏಳುತ್ತಿದ್ದರೆ ಗ್ಯಾಸ್ಕೆಟ್ ಕಥೆ. ಆಮೇಲೆ ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡಿ, ಬುಸುಬುಸು ಹೊಗೆ ಬಂದರೆ ಇಂಜಿನ್ ಬೋರಿಗೆ ಬಂದಿದೆ. ನೀವು ಹೋದಾಗಲೇ ಬಾನೆಟ್ ಬಿಸಿ ಇತ್ತು ಅಂದರೆ, ಅವರು ಕೊಟ್ಟ ಟೀ ಕುಡಿದು ವಾಪಸ್ ಬನ್ನಿ.