ಎಂಟೂವರೆಯಿಂದ ಒಂದಕ್ಕೆ ಇಳಿಯಿತೇ? ಎ.ಎಂ.ಎಚ್. ವರದಿ ಹಿಡಿದು ಬಂದ ಒಂದು ಪ್ರಕರಣ

ರಕ್ತ ಪರೀಕ್ಷೆಯ ವರದಿ ಸಂಜೆಯೊಳಗೆ ಮೊಬೈಲಿಗೆ ಬಂದುಬಿಡುತ್ತದೆ. ವೈದ್ಯರ ಭೇಟಿ ಮಾತ್ರ ಮುಂದಿನ ವಾರ. ನಡುವಿನ ಆ ಐದಾರು ದಿನಗಳಲ್ಲಿ ಒಂದು ಅಂಕಿ ಮನೆಯ ನೆಮ್ಮದಿಯನ್ನೆಲ್ಲ ತಿಂದುಹಾಕುತ್ತದೆ. ಇಂಥ ವರದಿ ಹಿಡಿದು ಬರುವವರು ಪದೇ ಪದೇ ಎದುರಾಗುವುದರಿಂದ, ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿ ಒಂದು ಪ್ರಕರಣವನ್ನು ಬರೆಯುತ್ತಿದ್ದೇನೆ.

ಆಕೆಗೆ 34 ವರ್ಷ. ಮುಟ್ಟು 27–28 ದಿನಕ್ಕೊಮ್ಮೆ ಸರಿಯಾಗಿ ಬರುತ್ತದೆ. ಮಗುವಿಗಾಗಿ ಪ್ರಯತ್ನಿಸಲು ಶುರುಮಾಡಿ ಎಂಟು ತಿಂಗಳು. ಶುರುವಿನಲ್ಲಿ ಒಮ್ಮೆ, ಈಗ ಒಮ್ಮೆ, ಎರಡು ಬೇರೆ ಬೇರೆ ಲ್ಯಾಬ್‌ಗಳಲ್ಲಿ ಎ.ಎಂ.ಎಚ್. (ಉಳಿದಿರುವ ಅಂಡಾಣುಗಳ ಅಂದಾಜು ಕೊಡುವ ಹಾರ್ಮೋನ್) ಪರೀಕ್ಷೆ ಮಾಡಿಸಿದ್ದರು. ಎರಡನೆಯ ವರದಿ ನೋಡಿದ ಮೇಲೆ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಗಂಡನ ಜೊತೆ ಮಾತೂ ಕಡಿಮೆ.

“ಎಂಟೂವರೆ ಇದ್ದದ್ದು ಎಂಟೇ ತಿಂಗಳಲ್ಲಿ ಒಂದಕ್ಕೆ ಬಂದಿದೆ ಮೇಡಂ. ಇನ್ನೊಂದು ತಿಂಗಳಿಗೆ ಸೊನ್ನೆ,” ಅಂದರು.

ಎರಡೂ ಹಾಳೆಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಡಲು ಹೇಳಿದೆ. ಅಂಕಿ ಬಿಟ್ಟು ಅದರ ಪಕ್ಕದ ಕಾಲಂ ಓದಿ ಎಂದೆ. ಮೊದಲನೆಯದರಲ್ಲಿ 8.6, ಪಿಕೋಮೋಲ್ ಪ್ರತಿ ಲೀಟರಿಗೆ. ಎರಡನೆಯದರಲ್ಲಿ 1.1, ನ್ಯಾನೋಗ್ರಾಂ ಪ್ರತಿ ಮಿಲಿಲೀಟರಿಗೆ. ಎ.ಎಂ.ಎಚ್.ನಲ್ಲಿ ಮಿಲಿಲೀಟರಿಗೆ 1 ನ್ಯಾನೋಗ್ರಾಂ ಅಂದರೆ ಲೀಟರಿಗೆ ಸುಮಾರು 7.14 ಪಿಕೋಮೋಲ್. ಕ್ಯಾಲ್ಕುಲೇಟರನ್ನು ಅವರ ಕೈಗೇ ಕೊಟ್ಟೆ. 8.6ನ್ನು 7.14ರಿಂದ ಭಾಗಿಸಿದರು. 1.2 ಬಂತು. ಮತ್ತೊಮ್ಮೆ ಭಾಗಿಸಿದರು. ಮತ್ತೆ 1.2.

“ಹಾಗಾದ್ರೆ ಕಳೆದುಹೋಗಿದ್ದು ಏನು?”

ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಲ್ಯಾಬ್ ಬದಲಾದರೆ ಯಂತ್ರ ಬದಲಾಗುತ್ತದೆ, 1.2 ಮತ್ತು 1.1ರ ನಡುವಿನ ಅಂತರ ಅಷ್ಟರಿಂದಲೇ ಬರಬಹುದು. ಹೋಲಿಸಬೇಕೆಂದಿದ್ದರೆ ಒಂದೇ ಲ್ಯಾಬ್, ಒಂದೇ ಯೂನಿಟ್ ಇರಬೇಕು.

ಸ್ವಲ್ಪ ಹೊತ್ತು ಸುಮ್ಮನಿದ್ದು, “ಆದ್ರೂ 1.1 ಕಡಿಮೆ ಅಲ್ವಾ?” ಎಂದು ಕೇಳಿದರು. ಈ ಪ್ರಶ್ನೆಗೆ ಸಿಹಿ ಸವರಿ ಉತ್ತರ ಕೊಡಬಾರದು. ಹೌದು, 34ಕ್ಕೆ ತುಸು ಕಡಿಮೆಯೇ. ಆದರೆ ಯಾವುದು ಕಡಿಮೆ? ಅಂಡಾಶಯದಲ್ಲಿ ಬೆಳೆಯುತ್ತಿರುವ, ಅಂಡಾಣುವನ್ನು ಒಳಗಿಟ್ಟುಕೊಂಡ ಸಣ್ಣ ಕೋಶಗಳಿಂದ (ಫಾಲಿಕಲ್) ಈ ಹಾರ್ಮೋನ್ ಬರುತ್ತದೆ. ಹಾಗಾಗಿ ಉಳಿದಿರುವ ಅಂಡಾಣುಗಳ ಸಂಖ್ಯೆಯ ಅಂದಾಜು ಸಿಗುತ್ತದೆ, ಐವಿಎಫ್‌ಗಾಗಿ (ಪ್ರನಾಳ ಶಿಶು ವಿಧಾನ) ಚುಚ್ಚುಮದ್ದು ಕೊಟ್ಟರೆ ಎಷ್ಟು ಅಂಡಾಣು ಸಿಕ್ಕೀತು ಎಂದು ಊಹಿಸಬಹುದು. ಅಂಡಾಣುವಿನ ಗುಣಮಟ್ಟವನ್ನು ಮುಖ್ಯವಾಗಿ ನಿರ್ಧರಿಸುವುದು ವಯಸ್ಸು. ಸಹಜವಾಗಿ ಗರ್ಭ ನಿಲ್ಲಲು ತಿಂಗಳಿಗೆ ಒಂದು ಅಂಡಾಣು ಸಾಕು. ಬಂಜೆತನದ ಹಿನ್ನೆಲೆ ಇಲ್ಲದ, 30ರಿಂದ 44 ವಯಸ್ಸಿನ ಸುಮಾರು 750 ಮಹಿಳೆಯರ ಬಗ್ಗೆ 2017ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎ.ಎಂ.ಎಚ್. ಕಡಿಮೆ ಇದ್ದವರಿಗೆ ಸಹಜವಾಗಿ ಗರ್ಭ ನಿಲ್ಲುವ ಸಾಧ್ಯತೆ ಕಡಿಮೆಯಾಗಿದ್ದು ಕಂಡುಬರಲಿಲ್ಲ.

ಎರಡನೆಯ ವರದಿಯ ಹಾಳೆಯಲ್ಲಿ ಎಲ್.ಎಚ್. (ಅಂಡಾಣು ಬಿಡುಗಡೆಗೆ ಚಾಲನೆ ಕೊಡುವ ಹಾರ್ಮೋನ್) 38 ಎಂದು ಕೆಂಪಕ್ಷರದಲ್ಲಿತ್ತು. ರಕ್ತ ಕೊಟ್ಟಿದ್ದು ಮುಟ್ಟಿನ ಎಷ್ಟನೇ ದಿನ ಎಂದು ಕೇಳಿದೆ. ಬೆರಳು ಮಡಿಸಿ ಎಣಿಸಿ 13ನೇ ದಿನ ಎಂದರು. ಅಂಡಾಣು ಹೊರಬೀಳುವ ಮುನ್ನ ಎಲ್.ಎಚ್. ಹೀಗೆ ಜಿಗಿಯಲೇಬೇಕು. ಇದನ್ನು ರೋಗ ಎಂದುಕೊಂಡು ಕೊರಗುತ್ತಿದ್ದರು. ಎ.ಎಂ.ಎಚ್.ಗೆ ಯಾವ ದಿನವಾದರೂ ನಡೆಯುತ್ತದೆ. ಎಫ್.ಎಸ್.ಎಚ್. (ಅಂಡಾಣು ಬೆಳೆಯಲು ಪ್ರಚೋದಿಸುವ ಹಾರ್ಮೋನ್), ಎಲ್.ಎಚ್., ಎಸ್ಟ್ರಾಡಿಯೋಲ್ (ಅಂಡಾಶಯದ ಈಸ್ಟ್ರೋಜನ್) ಮೂರಕ್ಕೂ ಮುಟ್ಟಾದ 2 ಅಥವಾ 3ನೇ ದಿನ ರಕ್ತ ಕೊಡಬೇಕು. ಎಸ್ಟ್ರಾಡಿಯೋಲ್ ಬಿಟ್ಟು ಎಫ್.ಎಸ್.ಎಚ್. ಒಂದನ್ನೇ ನೋಡುವುದು ತಪ್ಪು, ಯಾಕೆಂದರೆ ಎಸ್ಟ್ರಾಡಿಯೋಲ್ ಏರಿದ್ದರೆ ಅದು ಎಫ್.ಎಸ್.ಎಚ್.ಅನ್ನು ಅದುಮಿ ಸರಿಯಿರುವಂತೆ ತೋರಿಸುತ್ತದೆ. ಅಂಡಾಣು ಬಿಡುಗಡೆಯಾಯಿತೇ ಎಂದು ತಿಳಿಸುವ ಪ್ರೊಜೆಸ್ಟರಾನ್ ಪರೀಕ್ಷೆಯನ್ನು ಎಲ್ಲರಿಗೂ 21ನೇ ದಿನ ಎಂದು ಬರೆದುಕೊಡುವ ರೂಢಿಯಿದೆ. ಅದು 28 ದಿನದ ಚಕ್ರಕ್ಕೆ ಮಾತ್ರ. ಲೆಕ್ಕ ಇಡಬೇಕಾದದ್ದು ಮುಂದಿನ ಮುಟ್ಟಿಗೆ ಏಳು ದಿನ ಮೊದಲು ಎಂದು. 35 ದಿನದ ಚಕ್ರದವರು 21ನೇ ದಿನ ಕೊಟ್ಟರೆ ಅಂಡಾಣು ಆಗಷ್ಟೇ ಬಿಡುಗಡೆಯಾಗಿರುತ್ತದೆ, ವರದಿ ಮಾತ್ರ “ಆಗಿಲ್ಲ” ಎನ್ನುತ್ತದೆ.

ಕೂದಲು, ಉಗುರಿಗೆಂದು ನುಂಗುವ ಬಯೋಟಿನ್ ಮಾತ್ರೆ ಇನ್ನೊಂದು ತೊಡಕು. ಕೆಲವು ಯಂತ್ರಗಳಲ್ಲಿ ಅದು ಒಂದು ಹಾರ್ಮೋನನ್ನು ಸುಳ್ಳೇ ಹೆಚ್ಚು, ಇನ್ನೊಂದನ್ನು ಸುಳ್ಳೇ ಕಡಿಮೆ ತೋರಿಸುತ್ತದೆ. ವೈದ್ಯರಿಗೆ ತಿಳಿಸಿ ಎರಡು ಮೂರು ದಿನ ಮೊದಲೇ ನಿಲ್ಲಿಸಬೇಕು. ಗರ್ಭನಿರೋಧಕ ಮಾತ್ರೆ ನುಂಗುತ್ತಿರುವವರಲ್ಲಿ ಎ.ಎಂ.ಎಚ್. ಇಳಿದಿರುತ್ತದೆ, ಅದನ್ನೂ ಹೇಳದೆ ಇರಬಾರದು.

ಆಕೆಗೆ ಕೊಟ್ಟ ಸಲಹೆ ಇಷ್ಟು: ಮೂರನೇ ಸಲ ಎ.ಎಂ.ಎಚ್. ಬೇಡ. ಒಂದು ವರ್ಷ ತುಂಬಲಿ ಎಂದು ಕಾಯುವುದೂ ಬೇಡ, ಈಗಲೇ ತಜ್ಞರನ್ನು ಕಾಣಿ. ಹೀಗೆ ಲೆಕ್ಕ ಬಿಡಿಸಿ ಹೆದರಿಕೆ ಕಳೆಯುವುದು ಸುಳ್ಳು ಧೈರ್ಯ ತುಂಬಿದಂತೆ ಅಲ್ಲವೇ ಎಂಬ ಆಕ್ಷೇಪ ಬಂದದ್ದುಂಟು. ನಾನು ಒಪ್ಪುವುದಿಲ್ಲ. ಹೆದರಿದವರು ಆತುರಕ್ಕೆ ಬಿದ್ದು ಮೊದಲು ಸಿಕ್ಕಿದ ಚಿಕಿತ್ಸೆಗೆ ಸಹಿ ಹಾಕುತ್ತಾರೆ, ಇಲ್ಲವೇ ಕೈಚೆಲ್ಲಿ ಕೂರುತ್ತಾರೆ. ಪರೀಕ್ಷೆಗೆ 35ರೊಳಗಿನವರು ಒಂದು ವರ್ಷ, 35 ದಾಟಿದವರು ಆರು ತಿಂಗಳು ಕಾಯಬಹುದು ಎಂಬುದು ಸಾಮಾನ್ಯ ನಿಯಮ. ಈಕೆ ಅಂಚಿನಲ್ಲಿದ್ದಾರೆ, ಸಂಖ್ಯೆಯೂ ಕಡಿಮೆ ಇದೆ, ಆದ್ದರಿಂದ ಬೇಗ ಹೋಗಿ ಎಂದೆ.

ಕೊನೆಗೆ ಕೇಳಿದೆ, “ನಿಮ್ಮವರ ವೀರ್ಯ ಪರೀಕ್ಷೆ?”

“ಅವರಿಗೇನೂ ತೊಂದರೆ ಇಲ್ಲ.”

“ಪರೀಕ್ಷೆ ಆಗಿದೆಯಾ?”

“ಇಲ್ಲ.”

ನನ್ನನ್ನು ಹೆಚ್ಚು ಕಾಡುವುದು ಇದು. ಎಂಟು ತಿಂಗಳಲ್ಲಿ ಎರಡು ಸಲ ಈಕೆಯ ತೋಳಿಗೆ ಸೂಜಿ ಬಿದ್ದಿದೆ. ಸೂಜಿಯೇ ಇಲ್ಲದ, ಎರಡರಿಂದ ಏಳು ದಿನ ಸಂಯಮದಿಂದಿದ್ದು ಮಾದರಿ ಕೊಟ್ಟರೆ ಮುಗಿಯುವ ಪರೀಕ್ಷೆ ಒಮ್ಮೆಯೂ ಆಗಿಲ್ಲ. ಮಕ್ಕಳಾಗದ ದಂಪತಿಗಳಲ್ಲಿ ಮೂರರಲ್ಲೊಂದು ಪಾಲಿಗೂ ಹೆಚ್ಚು ಕಡೆ ಗಂಡಸಿನ ಕಡೆಯ ಕಾರಣವೂ ಸೇರಿರುತ್ತದೆ. ಮುಂದಿನ ಸಲ ಇಬ್ಬರೂ ಬನ್ನಿ ಎಂದೆ.

ಬಂದರು. ಈ ಸಲ ಲಕೋಟೆ ಆತನ ಕೈಯಲ್ಲಿತ್ತು. ಮರುದಿನ ವೈದ್ಯರ ಎದುರೇ ತೆರೆಯುವುದೆಂದು ಇಬ್ಬರೂ ಮಾತಾಡಿಕೊಂಡಿದ್ದರು.